ಏಳು ವಾಚನಗಳ ರಾತ್ರಿ

ನಮ್ಮಜ್ಜಿ ಹುಡುಗಿಯಾಗಿದ್ದಾಗ ಪಾಸ್ಖದ ಜಾಗರಣೆ ನಡೆಯುತ್ತಿದ್ದದ್ದು ಶನಿವಾರ ಬೆಳಗ್ಗೆ. ಹೊಸ ಬೆಂಕಿ ಹೊತ್ತಿಸುವುದು, ಅದರಿಂದ ದೊಡ್ಡ ಮೇಣದಬತ್ತಿ ಬೆಳಗಿಸುವುದು, ಕತ್ತಲನ್ನು ಗೆದ್ದ ಆ ರಾತ್ರಿಯನ್ನು ಲ್ಯಾಟಿನ್‌ನಲ್ಲಿ ಕೊಂಡಾಡುವುದು, ಎಲ್ಲವೂ ಕಿಟಕಿಗಳಿಂದ ಬಿಸಿಲು ಒಳಗೆ ಬೀಳುತ್ತಿರುವಾಗಲೇ. ಇರುತ್ತಿದ್ದವರು ಸ್ವಾಮಿಯವರು, ಉಪದೇಶಿ ಮತ್ತು ಬೆರಳೆಣಿಕೆಯಷ್ಟು ಜನ. ಉಳಿದವರು ಹೊಲದ ಕೆಲಸದಲ್ಲಿ. ಹನ್ನೆರಡು ಹೊಡೆದರೆ ತಪಸ್ಸುಕಾಲ ಮುಗಿಯಿತು ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಆಗಿನ ಧರ್ಮಸಭೆಯ ಕಾನೂನೂ ಹಾಗೇ ಇತ್ತು. ನಲವತ್ತು ದಿನದ ಉಪವಾಸ ಪವಿತ್ರ ಶನಿವಾರದ ಮಧ್ಯಾಹ್ನಕ್ಕೆ ಕೊನೆಯಾಗುತ್ತಿತ್ತು. ಅಜ್ಜಿಯ ಮನೆಯಲ್ಲಿ ಅಷ್ಟು ಹೊತ್ತಿಗೆ ಮಸಾಲೆ ಅರೆದು ಮುಗಿದಿರುತ್ತಿತ್ತಂತೆ.

ರಾತ್ರಿಯ ಆರಾಧನೆ ಹಗಲಿಗೆ ಜಾರಿದ್ದು ಒಂದೇ ದಿನದಲ್ಲಲ್ಲ. ಪೂಜೆಗೆ ಮುಂಚೆ ಏನನ್ನೂ ಬಾಯಿಗೆ ಹಾಕಬಾರದೆಂಬ ನಿಯಮವಿದ್ದ ಕಾಲ. ಅಷ್ಟು ಹೊತ್ತು ಹಸಿದಿರಲಾರದೆ ಮಧ್ಯಯುಗದಲ್ಲೇ ಜಾಗರಣೆಯ ಹೊತ್ತು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಸರಿದಿತ್ತು. 16ನೆಯ ಶತಮಾನದಲ್ಲಿ ಐದನೆಯ ಪಿಯೂಸ್ ಪೋಪರು ಮಧ್ಯಾಹ್ನದ ಮೇಲೆ ಬಲಿಪೂಜೆ ಕೂಡದೆಂದ ಮೇಲಂತೂ ಅದು ಬೆಳಗಿನಲ್ಲೇ ನೆಲೆನಿಂತಿತು. ಸುಮಾರು 400 ವರ್ಷ ಹಾಗೇ ನಡೆಯಿತು. ಹನ್ನೆರಡನೆಯ ಪಿಯೂಸ್ ಪೋಪರು 1951ರಲ್ಲಿ ಪ್ರಯೋಗಕ್ಕೆಂದು ಅದನ್ನು ಮತ್ತೆ ರಾತ್ರಿಗೆ ತಂದರು. 1955ರ ಆಜ್ಞೆಯ ಪ್ರಕಾರ ಮರುವರ್ಷದಿಂದ ಎಲ್ಲ ಕಡೆಯೂ ರಾತ್ರಿಯೇ ಆಯಿತು.

ಕನಕಪುರದ ಆಚೆ, ಕಾಡಂಚಿನಲ್ಲಿದ್ದ ನಮ್ಮೂರಿಗೆ ಈ ಸುದ್ದಿ ಸಂತೋಷ ತರಲಿಲ್ಲ. "ರಾತ್ರಿ ಹೊತ್ತು ಮಕ್ಕಳನ್ನ ಎತ್ಕೊಂಡು ಆ ದಾರೀಲಿ ಹೆಂಗೆ ಬರಾನ ಸ್ವಾಮಿ? ಆನೆ ಬತ್ತವೆ" ಎಂದು ಹಳ್ಳಿಯವರು ಕೇಳಿದ್ದರಂತೆ. ಆದರೂ ಬಂದರು. ಗಾಡಿ ಕಟ್ಟಿಕೊಂಡು, ಪಂಜು ಹಿಡಿದು, ಚಾಪೆ ಕಂಬಳಿ ಸುತ್ತಿಕೊಂಡು ಬಂದರು. ಹಗಲಲ್ಲಿ ಬೆರಳೆಣಿಕೆಯ ಜನ ನೋಡುತ್ತಿದ್ದದ್ದು ರಾತ್ರಿಗೆ ಹೋದಮೇಲೆ ಇಡೀ ಊರಿನದಾಯಿತು. ಅಜ್ಜಿ ಇದನ್ನು ಹೇಳುವಾಗ ದನಿಯಲ್ಲಿ ಒಂದು ಹೆಮ್ಮೆ ಇರುತ್ತಿತ್ತು. ಅದು ನ್ಯಾಯವಾದ ಹೆಮ್ಮೆ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ವ್ಯಾಟಿಕನ್ನಿನ ಎರಡನೆಯ ಮಹಾಸಭೆ ಮುಗಿದು, ಪೂಜೆ ಕನ್ನಡಕ್ಕೆ ಬಂದಿತ್ತು. ಪವಿತ್ರ ವಾರದ ಮೂರು ದಿನ ಊರಿನ ನಡೆಯೇ ಬೇರೆ. ಗುರುವಾರ ಸಂಜೆ ಸ್ವಾಮಿಯವರು ಹನ್ನೆರಡು ಜನ ಗಂಡಸರ ಕಾಲು ತೊಳೆಯುತ್ತಿದ್ದರು. ಆಮೇಲೆ ಬಲಿಪೀಠದ ಬಟ್ಟೆಯನ್ನೆಲ್ಲ ತೆಗೆದುಬಿಡುತ್ತಿದ್ದರು. ಪರಮಪ್ರಸಾದವಿಡುವ ಪೆಟ್ಟಿಗೆಯ ಬಾಗಿಲು ಹಾರುಹೊಡೆದು ತೆರೆದಿರುತ್ತಿತ್ತು, ಒಳಗೆ ಏನೂ ಇಲ್ಲ. ಗಂಟೆಗಳು ಸುಮ್ಮನಾಗುತ್ತಿದ್ದವು, ಪ್ರಾರ್ಥನೆಯ ಹೊತ್ತನ್ನು ತಿಳಿಸಲು ಹುಡುಗರು ಮರದ ಹಲಗೆಗೆ ಮರದ ಸುತ್ತಿಗೆ ಬಡಿದುಕೊಂಡು ಬೀದಿ ಸುತ್ತುತ್ತಿದ್ದರು. ಶುಕ್ರವಾರ ಪೂಜೆ ಇಲ್ಲ, ಶನಿವಾರ ಹಗಲೂ ಇಲ್ಲ. ದಿನ ಬೆಳಗಾದರೆ ಪೂಜೆಗೆ ಹೋಗುತ್ತಿದ್ದ ನಮ್ಮಮ್ಮನಿಗೆ ಆ ಎರಡು ದಿನ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ದೊಡ್ಡವರು ಹಾರೋಬೆಲೆಗೆ ಯೇಸುವಿನ ಪಾಡಿನ ನಾಟಕ ನೋಡಲು ಹೋಗುತ್ತಿದ್ದರು, ರಾತ್ರಿಯಿಡೀ ನೋಡಿ ಕೆಂಪು ಕಣ್ಣಲ್ಲಿ ಬರುತ್ತಿದ್ದರು.

ಶನಿವಾರ ರಾತ್ರಿ ಚರ್ಚಿನ ಅಂಗಳದಲ್ಲಿ ತೆಂಗಿನ ಚಿಪ್ಪು, ಹುಣಸೆ ಕಟ್ಟಿಗೆ ಒಟ್ಟಿ ಬೆಂಕಿ ಮಾಡುತ್ತಿದ್ದರು. ಸ್ವಾಮಿಯವರು ಮೇಣದ ಬತ್ತಿಯ ಮೇಲೆ ಶಿಲುಬೆ ಕೊರೆದು, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ ಬರೆದು, ಆ ವರ್ಷದ ನಾಲ್ಕು ಅಂಕಿ ಕೆತ್ತಿ, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚುತ್ತಿದ್ದರು. ಆ ವರ್ಷದ ಅಂಕಿಯನ್ನು ನೋಡಲು ನಾನು ದೊಡ್ಡವರ ಕಾಲುಗಳ ಸಂದಿಯಲ್ಲಿ ನುಗ್ಗುತ್ತಿದ್ದೆ. ಶಾಲೆಯ ಕರಿಹಲಗೆಯ ಮೇಲಿರುವ ಅಂಕಿಯೇ ದೇವರ ಬತ್ತಿಯ ಮೇಲೂ ಇದೆಯಲ್ಲ ಎಂದು ಆಶ್ಚರ್ಯ. ಕತ್ತಲಾದ ಚರ್ಚಿನೊಳಗೆ ಆ ಒಂದೇ ಬತ್ತಿ ಹೋಗುತ್ತಿತ್ತು, ಮೂರು ಸಲ ನಿಲ್ಲುತ್ತಿತ್ತು, ಬೆಳಕು ಕೈಯಿಂದ ಕೈಗೆ ಹರಿಯುತ್ತಿತ್ತು. ಅಷ್ಟು ನೆನಪಿದೆ. ಮುಂದಿನದು ಜಮಖಾನದ ಮೇಲೆ ಅಮ್ಮನ ತೊಡೆಗೆ ತಲೆಯಿಟ್ಟು ಮಲಗಿದ್ದು. ಎಷ್ಟೋ ಹೊತ್ತಿನ ಮೇಲೆ ಎರಡು ದಿನ ಬಾಯಿ ಕಟ್ಟಿಕೊಂಡಿದ್ದ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದಾಗ ಬೆಚ್ಚಿ ಎದ್ದು ಕೂರುತ್ತಿದ್ದೆವು, ದೀಪಗಳೆಲ್ಲ ಹತ್ತಿರುತ್ತಿದ್ದವು. ಬೆಂಕಿಗೂ ಗಂಟೆಗೂ ನಡುವೆ ಏನು ನಡೆಯುತ್ತದೆ ಎಂಬುದು ಊರಿನ ಮಕ್ಕಳಿಗೆ ಯಾರಿಗೂ ಗೊತ್ತಿರಲಿಲ್ಲ.

ನಡೆಯುವುದು ಇದು. ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳು: ಲೋಕದ ಸೃಷ್ಟಿ, ಮಗನನ್ನು ಬಲಿ ಕೊಡಲು ಬೆಟ್ಟ ಹತ್ತಿದ ಅಬ್ರಹಾಮ, ಕೆಂಪು ಸಮುದ್ರ ಸೀಳಿದ್ದು, ಯೆಶಾಯನಿಂದ ಎರಡು, ಬಾರೂಕನಿಂದ ಒಂದು, ಕಲ್ಲಿನ ಹೃದಯ ತೆಗೆದು ಹೊಸ ಹೃದಯ ಕೊಡುವ ಮಾತು ಬರುವ ಯೆಜೆಕಿಯೇಲ. ಒಂದೊಂದಕ್ಕೂ ಒಂದು ಕೀರ್ತನೆ, ಒಂದು ಪ್ರಾರ್ಥನೆ. ಆಮೇಲೆ ಗಂಟೆಗಳ ನಡುವೆ ಮಹಿಮಾಗೀತೆ, ಪೌಲನ ಪತ್ರ, ಶುಭಸಂದೇಶ. ಒಟ್ಟು ಒಂಬತ್ತು. ಜನರ ಅನುಕೂಲಕ್ಕೆ ಏಳನ್ನು ಮೂರಕ್ಕೆ ಇಳಿಸಲು ಅವಕಾಶವಿದೆ, ತೀರ ಅನಿವಾರ್ಯವಾದರೆ ಎರಡಕ್ಕೂ. ಸಮುದ್ರ ದಾಟಿದ ಕತೆಯನ್ನು ಮಾತ್ರ ಎಂದೂ ಬಿಡುವಂತಿಲ್ಲ. ನಾನು ಮದುವೆಯಾಗಿ ಬಂದ ಬೆಂಗಳೂರಿನಲ್ಲಿ ಮೂರೇ ವಾಡಿಕೆ. ಒಂಬತ್ತೂವರೆಗೆಲ್ಲ ಮುಗಿದು, ಕೇಕು ಹಂಚಿ, ಕೊನೆಯ ಬಸ್ಸಿಗೆ ಜನ ಹೊರಟಿರುತ್ತಿದ್ದರು. ಅದರಲ್ಲಿ ಏನೋ ಕಡಿಮೆಯಾಗಿದೆ ಎಂದು ಅನಿಸುವುದಕ್ಕೂ ಒಬ್ಬರು ಬರಬೇಕಾಯಿತು.

ಆಕೆ ನಮ್ಮ ಬೀದಿಯವಳೇ. ಗಂಡ ಕಥೋಲಿಕ, ಆಕೆ ಅಲ್ಲ. ಬಿಷಪರ ಅನುಮತಿ ಪಡೆದು ಚರ್ಚಿನಲ್ಲೇ ಮದುವೆಯಾಗಿದ್ದರು, ಮಕ್ಕಳಿಗೆ ಜ್ಞಾನಸ್ನಾನವಾಗಿತ್ತು. ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುವಳು, ಹಿಂದಿನ ಬೆಂಚಿನಲ್ಲಿ ಕೂರುವಳು. ಪರಮಪ್ರಸಾದದ ಸಾಲು ಎದ್ದಾಗ ಕಾಲು ಸರಿಸಿ ಎಲ್ಲರಿಗೂ ದಾರಿ ಬಿಡುವಳು. ವರ್ಷಗಟ್ಟಲೆ ಹೀಗೇ. ಯಾರೂ ಆಕೆಯನ್ನು ಏನೂ ಕೇಳಲಿಲ್ಲ, ಕೇಳಬಾರದು ಕೂಡ. ಒಂದು ದಿನ ಆಕೆಯೇ ಫಾದರ್ ಹತ್ತಿರ ಹೋದಳು. ಫಾದರ್, "ಅವಸರ ಬೇಡಮ್ಮ, ನಿಮ್ಮ ತಾಯಿಯವರಿಗೆ ಮೊದಲು ಹೇಳಿ" ಎಂದರಂತೆ. ತಾಯಿಗೆ ಹೇಳಿದಳು. ಆಮೇಲೆ ನಮ್ಮ ಮನೆಗೆ ಬಂದು, "ಅಕ್ಕ, ನನಗೆ ಜ್ಞಾನತಾಯಿ ಆಗ್ತೀರಾ?" ಎಂದಳು.

ದೊಡ್ಡವರನ್ನು ಧರ್ಮಸಭೆಗೆ ಬರಮಾಡಿಕೊಳ್ಳುವ ಹಳೆಯ ದೀಕ್ಷಾಕ್ರಮವನ್ನು ಮಹಾಸಭೆ ಮತ್ತೆ ಎತ್ತಿ ನಿಲ್ಲಿಸಿತು. ಹೊಸ ವಿಧಿಪುಸ್ತಕ 1972ರಲ್ಲಿ ಬಂತು. ಅದರಲ್ಲಿ ಹಂತಗಳಿವೆ, ಒಂದರಿಂದ ಇನ್ನೊಂದಕ್ಕೆ ತಿಂಗಳುಗಳು ಹಿಡಿಯುತ್ತವೆ. ನನ್ನಂತೆ ಹುಟ್ಟಿದ ಕೆಲವೇ ದಿನಕ್ಕೆ ತಲೆಯ ಮೇಲೆ ನೀರು ಬಿದ್ದವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಮೊದಲ ಹಂತದಲ್ಲಿ ದೀಕ್ಷಾರ್ಥಿಯ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ. ಆಮೇಲೆ ಕಿವಿ, ಕಣ್ಣು, ತುಟಿ, ಎದೆ, ಭುಜ. ನಮ್ಮಲ್ಲಿ ಕೈಗೂ ಕಾಲಿಗೂ. ಫಾದರ್ ಒಂದೊಂದಾಗಿ ಪ್ರಾರ್ಥನೆ ಹೇಳುತ್ತ ಹೋದ ಹಾಗೆ ಜೊತೆಗಿರುವವರು, ಅಂದರೆ ನಾನು, ಹೆಬ್ಬೆರಳಿನಿಂದ ಗುರುತು ಹಾಕಬೇಕು. ಕಿವಿಯ ಓಲೆ ತಣ್ಣಗೆ ತಗುಲಿತು. ಕಣ್ಣ ರೆಪ್ಪೆ ಅದುರುತ್ತಿತ್ತು. ಕಾಲಿನ ಸರದಿ ಬಂದಾಗ ನಾನು ಬಗ್ಗಿದೆ, ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ಬೇಡಕ್ಕ, ದೊಡ್ಡವರು ನೀವು, ನನ್ನ ಕಾಲು ಮುಟ್ಟೋದಾ!" ಇಡೀ ಚರ್ಚು ನೋಡುತ್ತಿದೆ. ನಾನು ಮೊಣಕಾಲೂರಿಯೇ ಇದ್ದೆ. ಫಾದರ್ ಪ್ರಾರ್ಥನೆ ನಿಲ್ಲಿಸಿ ಕಾದರು. ಕೊನೆಗೆ ಆಕೆ ಚಪ್ಪಲಿಯಿಲ್ಲದ ಬಲಗಾಲನ್ನು ಮುಂದಿಟ್ಟಳು, ಕಾಲುಂಗುರದ ಮೇಲ್ಗಡೆ ಶಿಲುಬೆಯ ಗುರುತು ಹಾಕಿದೆ. ಗುರುವಾರದ ಪಾದ ತೊಳೆಯುವ ವಿಧಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದರ ಅರ್ಥ ಬೆನ್ನು ಬಗ್ಗಿದಾಗ ಹೀಗಿರುತ್ತದೆ ಎಂದು ತಿಳಿದದ್ದು ಅವತ್ತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಪ್ರಬೋಧನೆ ಮುಗಿದ ಕೂಡಲೇ ಫಾದರ್ ಆಕೆಯನ್ನು ಹೆಸರು ಹಿಡಿದು ಕರೆದು, ಆಶೀರ್ವದಿಸಿ ಹೊರಗೆ ಕಳಿಸುತ್ತಿದ್ದರು. ಉಪದೇಶಿ ಜೊತೆಯಲ್ಲಿ ಹೋಗುತ್ತಿದ್ದರು, ಪಕ್ಕದ ಕೋಣೆಯಲ್ಲಿ ಕೂತು ಆ ದಿನದ ಶುಭಸಂದೇಶವನ್ನು ಇನ್ನೊಮ್ಮೆ ಓದುತ್ತಿದ್ದರು. ಗಂಡ, ಮಕ್ಕಳು, ನಾನು, ಎಲ್ಲರೂ ಒಳಗೆ. ಇಷ್ಟು ವರ್ಷ ಹಿಂದಿನ ಬೆಂಚಿನಲ್ಲಾದರೂ ಪೂರ್ತಿ ಪೂಜೆ ನೋಡುತ್ತಿದ್ದವಳು ಒಳಗೆ ಬರಬೇಕೆಂದು ಕೇಳಿದ್ದಕ್ಕೆ ಹೊರಗೆ ಹೋಗಬೇಕಾಯಿತು. ಇದು ಕಠಿಣವೆಂದು ಹಲವರು ಆಡಿಕೊಂಡರು, "ಈ ಕಾಲದಲ್ಲೂ ಇದೆಲ್ಲ ಯಾಕೆ" ಎಂದರು. ನನಗೂ ಮೊದಮೊದಲು ಕರುಳು ಹಿಂಡುತ್ತಿತ್ತು. ಆದರೆ ವಿಧಿ ತಿಳಿದು ಮಾಡಿದೆ. ಆಕೆ ಎದ್ದು ಬಾಗಿಲ ಕಡೆ ನಡೆದಾಗ ಒಳಗೆ ಉಳಿದ ನಮಗೆಲ್ಲ, ನಾವು ಉಳಿದದ್ದು ಯಾತಕ್ಕೆ ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತಿತ್ತು. ಬ್ರೆಡ್ಡು ದ್ರಾಕ್ಷಾರಸ ಮೇಲೆ ಹೋಗುವಾಗ ಗಡಿಯಾರ ನೋಡುತ್ತಿದ್ದ ಜನ ಗಡಿಯಾರ ನೋಡುವುದನ್ನು ಬಿಟ್ಟರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ನನ್ನ ಪಕ್ಕದಲ್ಲೇ ಕೂತವರ ಮಾತು ಹೇಳುತ್ತಿದ್ದೇನೆ.

ಮೊದಲ ಶತಮಾನಗಳಲ್ಲಿ ಇದಕ್ಕಿಂತ ಬಿಗಿಯಿತ್ತು. ದೀಕ್ಷಾರ್ಥಿಗಳಿಗೆ ವಿಶ್ವಾಸ ಪ್ರಮಾಣವನ್ನು ಕೊನೆಯ ವಾರಗಳವರೆಗೆ ಹೇಳಿಕೊಡುತ್ತಲೇ ಇರಲಿಲ್ಲ, ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ಅಷ್ಟೇ. 4ನೆಯ ಶತಮಾನದ ಕೊನೆಗೆ ಜೆರುಸಲೇಮಿಗೆ ಯಾತ್ರೆ ಹೋಗಿದ್ದ ಎಜೀರಿಯಾ ಎಂಬ ಹೆಂಗಸು ಬರೆದಿಟ್ಟಿದ್ದಾಳೆ: ತಪಸ್ಸುಕಾಲದಲ್ಲಿ ದಿನವೂ ಬೆಳಗ್ಗೆ ಮೂರು ಗಂಟೆ ಬಿಷಪರೇ ಕೂತು ಅವರಿಗೆ ಪಾಠ ಹೇಳುತ್ತಿದ್ದರು, ಜ್ಞಾನತಂದೆ ಜ್ಞಾನತಾಯಂದಿರೂ ಕೂತು ಕೇಳಬೇಕಿತ್ತು. ಸಂತ ಅಗಸ್ಟೀನರು ಹೀಗೆಯೇ ಬಂದವರು. ಮಿಲಾನಿನಲ್ಲಿ 387ರ ಪಾಸ್ಖದ ಜಾಗರಣೆಯ ರಾತ್ರಿ ಬಿಷಪ್ ಅಂಬ್ರೋಸರ ಕೈಯಿಂದ ಜ್ಞಾನಸ್ನಾನ ಪಡೆದಾಗ ಅವರಿಗೆ ಮೂವತ್ತು ದಾಟಿತ್ತು. ಅವರ ಮಗ ಅದೆಯೊದಾತ, ಗೆಳೆಯ ಅಲಿಪಿಯ ಕೂಡ ಅದೇ ರಾತ್ರಿ ಅದೇ ಕೊಳಕ್ಕೆ ಇಳಿದರು. ಎಂಟು ಮೂಲೆಯ ಆ ಸ್ನಾನಗೃಹದ ತಳಪಾಯ ಇಂದಿಗೂ ಮಿಲಾನಿನ ದೊಡ್ಡ ಕಥೀಡ್ರಲಿನ ಕೆಳಗೆ ಇದೆ. ನಮ್ಮ ಉಪದೇಶಿ ಆಕೆಗೆ ಇದನ್ನು ಹೇಳಿದ್ದರು. "ಅಪ್ಪ ಮಗ ಒಟ್ಟಿಗೇನಾ?" ಎಂದು ಆಕೆ ಮತ್ತೆ ಮತ್ತೆ ಕೇಳಿದ್ದಳು.

ಆ ವರ್ಷದ ತಪಸ್ಸುಕಾಲದ ಮೂರು ಭಾನುವಾರ ಸಮಾರಿಯದ ಹೆಂಗಸು, ಹುಟ್ಟು ಕುರುಡ, ಸತ್ತು ಎದ್ದ ಲಾಜರ, ಈ ಮೂರು ದೊಡ್ಡ ಕತೆಗಳು ಆಕೆಗಾಗಿಯೇ ಓದಿದಂತಿದ್ದವು. ನಿಜಕ್ಕೂ ಅವು ದೀಕ್ಷಾರ್ಥಿಗಳಿಗೆಂದೇ ಅಲ್ಲಿರುವುದು. ಬಾವಿಕಟ್ಟೆಯ ಹೆಂಗಸಿನ ಬಿಂದಿಗೆಯ ಬಗ್ಗೆ ನಮಗಿಬ್ಬರಿಗೂ ತುಂಬ ಮಾತಾಯಿತು. ಅಲ್ಲೇ ಬಿಟ್ಟು ಓಡಿದಳಲ್ಲ, ಆಮೇಲೆ ಅದನ್ನು ಯಾರು ಮನೆಗೆ ತಂದರು ಎಂದು ಆಕೆಯ ಪ್ರಶ್ನೆ.

ಜಾಗರಣೆಗೆ ಒಂದು ವಾರವಿದ್ದಾಗ ಸೀರೆಯ ತಕರಾರು ಬಂತು. ಜ್ಞಾನಸ್ನಾನವಾದವರಿಗೆ ಬಿಳಿ ಉಡಿಸಬೇಕು. ಆಕೆಯ ತಾಯಿ ಚನ್ನಪಟ್ಟಣದ ಕಡೆಯ ಹಿರಿಯ ಜೀವ, ಹಣೆ ತುಂಬ ಕುಂಕುಮ. "ಗಂಡ ಬದುಕಿರೋ ಮಗಳಿಗೆ ಬೋಳು ಬಿಳಿ ಉಡಿಸಕ್ಕೆ ನಾನು ಒಪ್ಪಲ್ಲ" ಎಂದರು. ಸರಿಯಾದ ಮಾತೇ. ಅವರೇ ಹೋಗಿ ಕೆಂಪಂಚಿನ ಬಿಳಿ ರೇಷ್ಮೆ ಸೀರೆ ತಂದರು. ಹೆಸರು ಬದಲಾಯಿಸುತ್ತೀರಾ ಎಂದು ಫಾದರನ್ನು ಕೇಳಿದರು. "ಇಲ್ಲ ತಾಯಿ, ನೀವಿಟ್ಟ ಹೆಸರು ಚೆನ್ನಾಗಿದೆ, ಅದೇ ಇರಲಿ" ಎಂದರು ಫಾದರ್. ಆ ಮಾತಿನ ಮೇಲೆ ಅವರು ತಾವೂ ಜಾಗರಣೆಗೆ ಬರುತ್ತೇನೆಂದರು.

ಆ ಸಲ ಫಾದರ್ ಏಳೂ ವಾಚನಗಳನ್ನು ಓದಿಸಿದರು. ಕತ್ತಲಿನಲ್ಲಿ ಬೆಳಕು ಹಂಚಿದಾಗ ನಮ್ಮೆಲ್ಲರ ಕೈಯಲ್ಲೂ ಬತ್ತಿ, ಆಕೆಯ ಕೈ ಮಾತ್ರ ಖಾಲಿ, ಅವಳದು ಇನ್ನೂ ಬರಬೇಕು. ಮುಂದಿನ ಸಾಲಿನಲ್ಲಿ ತಾಯಿ, ಪಕ್ಕದಲ್ಲಿ ಆಕೆ, ಆಮೇಲೆ ನಾನು. ಸೃಷ್ಟಿಯ ಕತೆ ನಿಧಾನವಾಗಿ ಹರಿಯಿತು. ಅಬ್ರಹಾಮ ಮಗನ ಹೆಗಲ ಮೇಲೆ ಕಟ್ಟಿಗೆ ಹೊರಿಸಿ ಬೆಟ್ಟ ಹತ್ತುವಾಗ ತಾಯಿ ನೆಟ್ಟಗೆ ಕೂತರು. ಚಾಕು ಎತ್ತಿದ ಕೈಯನ್ನು ದೇವದೂತ ತಡೆದ ಮೇಲೆ ನನ್ನ ಕಡೆ ಬಾಗಿ, "ಇದು ನಮ್ಮ ಸಿರಿಯಾಳನ ಕತೆ ಥರವೇ ಇದೆಯಲ್ಲವ್ವ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಶಿವನಿಗೆ ಮಗ ಚೀಲಾಳನನ್ನೇ ಅಡುಗೆ ಮಾಡಿ ಬಡಿಸಿದ ಸಿರಿಯಾಳ ಮತ್ತು ಚಂಗಳೆ. ಅಲ್ಲಿ ಕೈ ತಡೆಯಲಿಲ್ಲ, ಕೊಟ್ಟಮೇಲೆ ಮಗ ಮರಳಿ ಬಂದ. ಇಲ್ಲಿ ಕೈ ತಡೆದದ್ದು ದೇವರು, ಮುಂದೆ ತನ್ನ ಮಗನ ವಿಷಯದಲ್ಲಿ ಮಾತ್ರ ತಡೆಯಲಿಲ್ಲ. ಇಷ್ಟು ವರ್ಷ ಮೂರರಲ್ಲಿ ಸೇರದೆ ಕೆಲವೊಮ್ಮೆ ಬಿಟ್ಟೇ ಹೋಗುತ್ತಿದ್ದ ಆ ವಾಚನ ಅವತ್ತು ಆ ಹಿರಿಯ ಹೆಂಗಸಿನ ಪಕ್ಕದಲ್ಲಿ ಕೂತು ಕೇಳಿದಾಗ ನನಗೆ ಇಡೀ ಶುಕ್ರವಾರವನ್ನು ತೆರೆದು ತೋರಿಸಿತು.

ಐದನೆಯದು ಬರುವ ಹೊತ್ತಿಗೆ ಹಿಂದಿನ ಬೆಂಚುಗಳಲ್ಲಿ ತೂಕಡಿಕೆ ಶುರುವಾಗಿತ್ತು. ಬತ್ತಿಯ ಮೇಣ ಕಾಗದದ ಲೋಟದಿಂದ ಬೆರಳಿಗೆ ಇಳಿಯುತ್ತಿತ್ತು. ತಾಯಿ ಮಾತ್ರ ಕಣ್ಣು ಮಿಟುಕಿಸಲಿಲ್ಲ. ನೀರು ಬೇಕಾ ಎಂದರೆ, "ಶಿವರಾತ್ರಿಗೆ ಬೆಳಗಾಗೋತನಕ ಕೂರೋಳು ನಾನು, ಇದೆಷ್ಟು ಹೊತ್ತು" ಎಂದರು. ಜಾಗರಣೆ ಎಂದರೆ ಏನೆಂದು ಆ ರಾತ್ರಿ ಆ ಚರ್ಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಕಾಯಬೇಕು. ಬರುವವನು ಬರುವತನಕ ಕಾಯಬೇಕು. ಹೊತ್ತು ಉಳಿಸಿಕೊಂಡು ಕಾಯುವುದೆಂಬುದು ಇಲ್ಲ.

ಗಂಟೆಗಳಾದವು, ಅಲ್ಲೆಲೂಯ ಆಯಿತು. ಸಂತರ ಹೆಸರುಗಳನ್ನು ಒಬ್ಬೊಬ್ಬರಾಗಿ ಕರೆದು ಪ್ರಾರ್ಥಿಸಿದೆವು. ದೊಡ್ಡ ಬತ್ತಿಯ ಬುಡವನ್ನು ನೀರಿಗೆ ಇಳಿಸಿ ಫಾದರ್ ನೀರನ್ನು ಪವಿತ್ರಗೊಳಿಸಿದರು. ಸೈತಾನನನ್ನು ತ್ಯಜಿಸುತ್ತೀಯಾ ಎಂದಾಗ ಆಕೆಯ ದನಿ ಇಡೀ ಚರ್ಚಿಗೆ ಕೇಳಿಸಿತು, ಅಷ್ಟು ಜೋರಾಗಿ ಆಕೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಜಡೆ ಬಿಚ್ಚಿ ಹಿತ್ತಾಳೆ ಹಂಡೆಯ ಮೇಲೆ ತಲೆ ಬಾಗಿಸಿದಳು. ಮೂರು ಸಲ ನೀರು. ಎದ್ದು ನಿಂತಾಗ ಕೂದಲಿನಿಂದ ನೀರು ಇಳಿದು ಕೆಂಪಂಚನ್ನು ಒದ್ದೆ ಮಾಡಿತ್ತು. ಮೇಣದಬತ್ತಿಯನ್ನು ದೊಡ್ಡ ಬತ್ತಿಯಿಂದ ಹಚ್ಚಿ ಆಕೆಗೆ ಕೊಟ್ಟೆ. ಅಲ್ಲೇ ದೃಢೀಕರಣ. ನಾನು ಬಲಗೈಯನ್ನು ಆಕೆಯ ಹೆಗಲ ಮೇಲಿಟ್ಟೆ, ಫಾದರ್ ಅಭಿಷೇಕದ ಎಣ್ಣೆಯಿಂದ ಹಣೆಗೆ ಗುರುತಿಟ್ಟರು. ಆಲಿವ್ ಎಣ್ಣೆಗೆ ಸುಗಂಧದ ಅಂಟು ಬೆರೆಸಿ, ಪವಿತ್ರ ವಾರದಲ್ಲಿ ಬಿಷಪರು ಅಭಿಷೇಕಿಸಿದ ಎಣ್ಣೆ ಅದು. ಅದರ ಪರಿಮಳ ಮರುದಿನ ಮಧ್ಯಾಹ್ನದವರೆಗೂ ನನ್ನ ಕೈಯಲ್ಲಿತ್ತು.

ಆಮೇಲೆ ಆಕೆಯನ್ನು ಯಾರೂ ಹೊರಗೆ ಕಳಿಸಲಿಲ್ಲ. ವಿಶ್ವಾಸಿಗಳ ಪ್ರಾರ್ಥನೆಗೆ ಮೊದಲ ಸಲ ನಮ್ಮ ಜೊತೆ ನಿಂತಳು. ಬ್ರೆಡ್ಡನ್ನೂ ದ್ರಾಕ್ಷಾರಸವನ್ನೂ ಆಕೆಯೇ ಬಲಿಪೀಠಕ್ಕೆ ಒಯ್ದಳು. ಪರಮಪ್ರಸಾದದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಆಕೆ. ಹಿಂದೆ ಗಂಡ, ಮಕ್ಕಳು. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಂದೇ ರಾತ್ರಿ, ಅದೇ ಕ್ರಮದಲ್ಲಿ. ಹಳೆಯ ಧರ್ಮಸಭೆಯಲ್ಲಿ ಎಲ್ಲರಿಗೂ ಹೀಗೇ ಇತ್ತು. ನಮಗೆ, ಎಳೆಗೂಸಾಗಿ ಬಂದವರಿಗೆ, ಅದು ಬಿಡಿಬಿಡಿಯಾಗಿ ಸಿಕ್ಕಿತು. ಹತ್ತನೆಯ ಪಿಯೂಸ್ ಪೋಪರು 1910ರಲ್ಲಿ ಏಳು ವರ್ಷದ ಆಸುಪಾಸಿನ ಮಕ್ಕಳಿಗೇ ಪರಮಪ್ರಸಾದ ಕೊಡಬಹುದೆಂದ ಮೇಲೆ ಬಹಳ ಕಡೆ ದೃಢೀಕರಣ ಅದರ ಹಿಂದಕ್ಕೆ ಹೋಯಿತು. ಮಕ್ಕಳನ್ನು ಹತ್ತಿರ ಕರೆದದ್ದು ಒಳ್ಳೆಯದೇ. ಆದರೆ ಮೂರೂ ಒಂದೇ ಬಾಗಿಲಿನ ಹೆಜ್ಜೆಗಳೆಂಬುದು ಇಂಥ ರಾತ್ರಿಯನ್ನು ನೋಡದೆ ನಮಗೆ ತಿಳಿಯುವುದಿಲ್ಲ. ಆದ್ದರಿಂದಲೇ ಪ್ರತಿ ಮನೆಯವರೂ ಮಕ್ಕಳೊಂದಿಗೆ ಬಂದು, ಬೇಕಾದರೆ ಜಮಖಾನ ಹಾಸಿಕೊಂಡು, ಇದನ್ನು ನೋಡಬೇಕೆಂದು ನಾನು ಹೇಳುವುದು.

ತಾಯಿ ಕೊನೆಯವರೆಗೂ ಕೂತಿದ್ದರು. ಮುಗಿದ ಮೇಲೆ ಮಗಳ ಒದ್ದೆ ತಲೆಯನ್ನು ತಮ್ಮ ಸೆರಗಿನಿಂದ ಒರೆಸಿ, "ಶೀತ ಆಗತ್ತೆ, ನಡಿ ಮನೆಗೆ" ಎಂದರು.

ಆಮೇಲಿನ ಐವತ್ತು ದಿನ, ಪವಿತ್ರಾತ್ಮರ ಹಬ್ಬದವರೆಗೆ, ಆಕೆಗೆ ಪಾಠ ಮುಂದುವರಿಯಿತು. ಅನುಭವ ಮೊದಲು, ವಿವರಣೆ ಆಮೇಲೆ, ಅದೂ ಹಳೆಯ ಕ್ರಮವೇ. ಈಗ ಆಕೆ ನಮ್ಮ ಪಾಲನಾ ಸಮಿತಿಯಲ್ಲಿದ್ದಾಳೆ. ಫಾದರ್ ವರ್ಗವಾಗಿ ಹೋದರು, ವಾಚನಗಳು ಮತ್ತೆ ಮೂರಕ್ಕೆ ಇಳಿದವು. ಹೋದ ಸಭೆಯಲ್ಲಿ ನಾವಿಬ್ಬರೂ ಈ ವಿಷಯ ಎತ್ತಿದೆವು. ವಯಸ್ಸಾದವರಿದ್ದಾರೆ, ಬಸ್ಸು ಸಿಗುವುದಿಲ್ಲ, ಮಕ್ಕಳು ಅಳುತ್ತವೆ ಎಂದರು. ಎಲ್ಲವೂ ನಿಜವಾದ ತೊಂದರೆಗಳೇ. ದೂರದವರನ್ನು ಮನೆಗೆ ಬಿಡಲು ಕಾರುಗಳ ಪಟ್ಟಿ ಮಾಡಿಕೊಡುತ್ತೇವೆಂದು ಆಕೆ ಹೇಳಿದಳು, ಮೊದಲ ಹೆಸರು ತನ್ನ ಗಂಡನದೇ ಬರೆದಳು. ತುಂಬ ಹೊತ್ತು ಚರ್ಚೆಯಾಗಿ ಈ ವರ್ಷಕ್ಕೆ ಐದು ಎಂದು ತೀರ್ಮಾನವಾಗಿದೆ. ಅಬ್ರಹಾಮ ಉಳಿದಿದ್ದಾನೆ, ಬಾರೂಕನೂ ಯೆಶಾಯನ ಒಂದು ವಾಚನವೂ ಹೊರಗೆ. ಬರುವ ವರ್ಷಕ್ಕೆ ಅವೆರಡನ್ನೂ ಕೇಳುವವರಿದ್ದೇವೆ, ಪಟ್ಟಿಗೆ ಇನ್ನೂ ನಾಲ್ಕು ಕಾರು ಬೇಕು.